ನುರಿತ ವಿದ್ಯಾರ್ಥಿನಟರೂ ಕಠಿನ ನಾಟಕಗಳೂ

ನಮ್ಮ ಕಾಲೇಜುಗಳಲ್ಲಿ ವರ್ಷಕ್ಕೊಂದು ನಾಟಕವನ್ನಾಡುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಆಡತಕ್ಕ ನಾಟಕವನ್ನು ಆರಿಸುವ ಭಾರವು ಸಾಮಾನ್ಯವಾಗಿ ಕನ್ನಡ ಅಧ್ಯಾಪಕರ ಮೇಲೆ ಬೀಳುತ್ತದೆ. ಹೊಸದಾಗಿ ರಂಗವನ್ನೇರುವ ವಿದ್ಯಾರ್ಥಿಗಳ ವಿಷಯದಲ್ಲಿ ಈ ಆಯ್ಕೆ ಅಷ್ಟು ತೊಡಕಿನದಲ್ಲ. ಮಾತು ಚುರುಕಾಗಿದ್ದು, ಪಾತ್ರಗಳು ಪರಿಚಿತವಾಗಿದ್ದು, ಒಂದು ಗಂಟೆಯೊಳಗೆ ಮುಗಿಯುವ ಯಾವ ಪ್ರಹಸನವಾದರೂ ಆದೀತು. ತೊಡಕು ಹುಟ್ಟುವುದು ಎರಡು ಮೂರು ವರ್ಷ ಅಭಿನಯಿಸಿ ಪಳಗಿದ ವಿದ್ಯಾರ್ಥಿಗಳಿಗೆ ನಾಟಕವನ್ನು ಹುಡುಕುವಾಗ. ಇವರಿಗೆ ಸಭಾಕಂಪ ಕಳೆದಿರುತ್ತದೆ. ದನಿ ಕೊನೆಯ ಸಾಲಿನವರೆಗೆ ಮುಟ್ಟುತ್ತದೆ. ಎಲ್ಲಿ ನಿಂತರೆ ಬೆಳಕು ಮುಖದ ಮೇಲೆ ಬೀಳುವುದೆಂಬುದು ಹೇಳದೆಯೇ ತಿಳಿದಿರುತ್ತದೆ. ಇಷ್ಟು ಬಂದವರ ಕೈಗೆ ಮತ್ತೆ ಅದೇ ಬಗೆಯ ನಾಟಕವನ್ನು ಕೊಟ್ಟರೆ ಚಪ್ಪಾಳೆಗೆ ಕೊರತೆಯಾಗದು, ವಿದ್ಯೆ ಮಾತ್ರ ನಿಂತಲ್ಲಿಯೇ ನಿಲ್ಲುತ್ತದೆ. ಆದುದರಿಂದ ಕಠಿನವಾದ ನಾಟಕವೇ ಬೇಕೆಂದು ಎಲ್ಲರೂ ಒಪ್ಪುವರು. ಆದರೆ ನಾಟಕದ ಕಾಠಿನ್ಯವೆಂಬುದು ಯಾವುದು, ಅದು ಎಲ್ಲಿದೆ, ಅದನ್ನು ಯಾರು ಹೊರಬೇಕು ಎಂಬ ವಿಚಾರ ನಡೆದದ್ದು ಕಡಮೆ. ಈ ಲೇಖನದಲ್ಲಿ ಅದನ್ನು ಸ್ವಲ್ಪಮಟ್ಟಿಗೆ ಪರಿಶೀಲಿಸಬೇಕೆಂದಿದೆ.

ಸಾಮಾನ್ಯವಾಗಿ ಕಠಿನ ನಾಟಕವೆಂದರೆ ಗಂಭೀರವಾದ ವಸ್ತುವುಳ್ಳ ನಾಟಕವೆಂಬ ಭಾವನೆಯುಂಟು. ಸಾವು, ಧರ್ಮಸಂಕಟ, ರಾಜ್ಯದ ಉರುಳುವಿಕೆ ಮುಂತಾದುವು ಕಥೆಯಲ್ಲಿದ್ದರೆ ಅದು ದೊಡ್ಡ ನಾಟಕ, ಆದಕಾರಣ ಕಠಿನ ನಾಟಕ ಎಂದು ಎಣಿಸುವರು. ಇದು ಓದುಗನ ದೃಷ್ಟಿಯೇ ಹೊರತು ನಟನದಲ್ಲ. ವಸ್ತು ಎಷ್ಟು ಘನವಾಗಿದ್ದರೂ ಮಾತು ನಟನ ದಿನಬಳಕೆಯ ಮಾತೇ ಆಗಿದ್ದರೆ, ಅವನು ತನಗೆ ಈಗಾಗಲೇ ಬರುವ ನಾಲ್ಕು ದನಿಗಳಲ್ಲಿ ಅದನ್ನು ನಿಭಾಯಿಸಿಬಿಡುತ್ತಾನೆ. ಇದಕ್ಕೆ ವಿರುದ್ಧವಾಗಿ, ಕೈಲಾಸಂ ಅವರ ಒಂದು ಪ್ರಹಸನದಲ್ಲಿ ವಸ್ತು ಮನೆಯ ಪಡಸಾಲೆಯನ್ನು ದಾಟದೆ ಇರಬಹುದು. ಆದರೆ ಅಲ್ಲಿನ ಕನ್ನಡ ಇಂಗ್ಲಿಷುಗಳ ಬೆರಕೆ, ಸ್ವರಗಳನ್ನು ನುಂಗಿ ಓಡುವ ಆ ಮಾತಿನ ವೇಗ, ಒಂದು ಅಕ್ಷರ ತಡವಾದರೆ ಕೆಟ್ಟುಹೋಗುವ ಆ ನಗೆ, ಇವು ನುರಿತ ನಟನನ್ನೂ ಬೆವರಿಳಿಸುತ್ತವೆ. ಕೈಲಾಸಂ ಅವರು ತಮ್ಮ ನಾಟಕಗಳನ್ನು ಬಾಯಿಂದ ಹೇಳಿ ಬರೆಯಿಸಿದವರು. ಅವು ಕಿವಿಗಾಗಿ ಹುಟ್ಟಿದುವು. ಅಚ್ಚಿನ ಪುಟವನ್ನು ನೋಡಿ ಇದು ಸುಲಭವೆಂದು ತಿಳಿದವರು ತಾಲೀಮಿನ ಮೊದಲ ದಿನವೇ ಎಚ್ಚರಗೊಳ್ಳುವರು.

ಭರತನು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ವಿಕಗಳೆಂದು ವಿಭಾಗಿಸಿ, ಮಾತನ್ನು ನಾಟ್ಯದ ಶರೀರವೆಂದೇ ಪರಿಗಣಿಸಿದ್ದಾನೆ. ಕಾಲೇಜಿನ ನಟರಲ್ಲಿ ಆಂಗಿಕವನ್ನು ಯೌವನವೇ ಒದಗಿಸುತ್ತದೆ; ಆಹಾರ್ಯಕ್ಕೆ ಬಾಡಿಗೆಯ ಅಂಗಡಿಗಳಿವೆ; ಸಾತ್ವಿಕವು ಹೇಳಿಕೊಟ್ಟು ಬರುವಂಥದಲ್ಲ. ಉಳಿದದ್ದು ವಾಚಿಕ. ಇದೊಂದನ್ನೇ ಅಧ್ಯಾಪಕನು ನಿಜವಾಗಿ ಕಲಿಸಬಲ್ಲನು, ಇದೊಂದಕ್ಕಾಗಿಯೇ ಅವನನ್ನು ಆ ಸ್ಥಾನದಲ್ಲಿ ಇಟ್ಟಿರುವುದು. ಆದುದರಿಂದ ನುರಿತ ವಿದ್ಯಾರ್ಥಿಗಳಿಗೆ ಆರಿಸುವ ನಾಟಕದ ಕಾಠಿನ್ಯವು ಮೊದಲಾಗಿ ಅದರ ಮಾತಿನಲ್ಲಿರಬೇಕು, ಮತ್ತು ಆ ಭಾರವು ಒಬ್ಬನ ತಲೆಯ ಮೇಲೆ ಬೀಳದೆ ತಂಡದ ಎಲ್ಲರಿಗೂ ಹಂಚಿಹೋಗಬೇಕು ಎಂಬುದು ನಮ್ಮ ಮತ.

ಮಾತಿನ ಕಾಠಿನ್ಯಕ್ಕೆ ಕನ್ನಡದಲ್ಲಿ ಬಿ. ಎಂ. ಶ್ರೀಕಂಠಯ್ಯನವರ ನಾಟಕತ್ರಯಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕುವುದು ಕಷ್ಟ. 1926ರ ‘ಗದಾಯುದ್ಧ ನಾಟಕಂ’ ರನ್ನನ ಕಾವ್ಯವನ್ನು ಬಹುಮಟ್ಟಿಗೆ ಅವನ ಮಾತುಗಳಲ್ಲಿಯೇ ನಾಟಕರೂಪಕ್ಕೆ ತಂದದ್ದು. 1929ರ ‘ಅಶ್ವತ್ಥಾಮನ್’ ಸೊಫೊಕ್ಲೀಸನ ‘ಅಯಾಸ್’ ನಾಟಕದ ಅಚ್ಚಿನಲ್ಲಿ ಭಾರತದ ವಸ್ತುವನ್ನು ಎರೆದದ್ದು. 1935ರ ‘ಪಾರಸಿಕರು’ ಈಸ್ಕಿಲಸನ ನಾಟಕದ ಅನುವಾದ. ಶ್ರೀಯವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದವರು. ಈ ನಾಟಕಗಳು ಇಂದು ಓದುವ ಕೊಠಡಿಯಲ್ಲಿ ಮಾತ್ರ ಉಳಿದು, ರಂಗದ ಮೇಲೆ ಅಪರೂಪವಾಗಿರುವುದು ವಿಷಾದಕರ. ವೃತ್ತಿಯ ತಂಡಗಳು ಇವನ್ನು ಕೈಗೆತ್ತಿಕೊಳ್ಳದಿರುವುದಕ್ಕೆ ಹಣದ ಕಾರಣವಿದೆ, ಹವ್ಯಾಸಿ ತಂಡಗಳಿಗೆ ಕಾಲದ ಅಭಾವವಿದೆ. ಹಳಗನ್ನಡವನ್ನು ಪಾಠವಾಗಿ ಓದುವ ವಿದ್ಯಾರ್ಥಿಗಳೂ, ಅದನ್ನು ಬಿಡಿಸಿ ಹೇಳಬಲ್ಲ ಅಧ್ಯಾಪಕರೂ, ಮೂರು ತಿಂಗಳ ಬಿಡುವೂ ಒಂದೆಡೆ ಸೇರುವುದು ಕಾಲೇಜಿನಲ್ಲಿಯೇ. ಅಲ್ಲಿ ಇವು ಆಡಲ್ಪಡದಿದ್ದರೆ ಬೇರೆಲ್ಲಿಯೂ ಆಡಲ್ಪಡಲಾರವು. ಆಗ ಕನ್ನಡದ ಒಂದು ನಾಲಗೆಯೇ ಮೌನವಾಗುತ್ತದೆ.

ಇಲ್ಲಿ ನಟನು ಎದುರಿಸಬೇಕಾದ ಕೆಲಸವನ್ನು ಸ್ವಲ್ಪ ವಿವರವಾಗಿ ನೋಡೋಣ. ರನ್ನನ ಪದ್ಯಗಳಲ್ಲಿ ಕಂದವೂ ವೃತ್ತಗಳೂ ಬೆರೆತಿವೆ. ಕಂದದಲ್ಲಿ ಒಂದನೆಯ ಮೂರನೆಯ ಪಾದಗಳು ಹನ್ನೆರಡು ಮಾತ್ರೆಯವು, ಎರಡನೆಯ ನಾಲ್ಕನೆಯ ಪಾದಗಳು ಇಪ್ಪತ್ತು ಮಾತ್ರೆಯವು. ಚಿಕ್ಕ ಪಾದದಲ್ಲಿ ಹಿಡಿದ ಉಸಿರು ದೊಡ್ಡ ಪಾದದ ಕೊನೆಗೆ ಸಾಲದೆ ಬರುವುದು ಹೊಸಬರಿಗೆ ಸಾಮಾನ್ಯ. ವೃತ್ತಗಳಲ್ಲಿ ಶಾರ್ದೂಲವಿಕ್ರೀಡಿತಕ್ಕೆ ಪಾದವೊಂದಕ್ಕೆ ಹತ್ತೊಂಬತ್ತು ಅಕ್ಷರ, ಉತ್ಪಲಮಾಲೆಗೂ ಮತ್ತೇಭವಿಕ್ರೀಡಿತಕ್ಕೂ ಇಪ್ಪತ್ತು, ಚಂಪಕಮಾಲೆಗೂ ಸ್ರಗ್ಧರೆಗೂ ಇಪ್ಪತ್ತೊಂದು, ಮಹಾಸ್ರಗ್ಧರೆಗೆ ಇಪ್ಪತ್ತೆರಡು. ಸಂಸ್ಕೃತದಲ್ಲಾದರೆ ಇಂಥ ಪಾದದ ನಡುವೆ ಯತಿಸ್ಥಾನವಿದ್ದು ಉಸಿರಿಗೆ ಎಡೆಯಾಗುತ್ತದೆ. ಕನ್ನಡ ಕವಿಗಳು ಯತಿಯನ್ನು ಮೀರಿದವರು. ಪಾದದ ಕೊನೆಯಲ್ಲಿಯೂ ಮಾತು ನಿಲ್ಲುವುದಿಲ್ಲ. ಸಂಧಿಯಿಂದ ಬೆಸೆದುಕೊಂಡು ಮುಂದಿನ ಪಾದಕ್ಕೆ ಹರಿಯುತ್ತದೆ. ಹೀಗಾಗಿ ಉಸಿರನ್ನು ಎಲ್ಲಿ ತೆಗೆಯಬೇಕೆಂಬುದನ್ನು ಛಂದಸ್ಸು ಹೇಳಿಕೊಡದು; ಅರ್ಥವೇ ಹೇಳಿಕೊಡಬೇಕು. ಅರ್ಥ ತಿಳಿಯದ ನಟನು ಪಾದಾಂತದಲ್ಲಿ ನಿಲ್ಲುತ್ತಾನೆ, ಪ್ರೇಕ್ಷಕನಿಗೆ ಅರ್ಧ ತುಂಡಾದ ಪದವೊಂದು ಕೇಳಿಸುತ್ತದೆ. ಅರ್ಥ ತಿಳಿದವನು ಪಾದದ ನಡುವೆ ನಿಲ್ಲುತ್ತಾನೆ, ಆಗ ಸಾವಿರ ವರ್ಷದ ಹಿಂದಿನ ಪದ್ಯವು ಕೋಪಗೊಂಡ ಮನುಷ್ಯನ ಮಾತಾಗುತ್ತದೆ. ತರಗತಿಯಲ್ಲಿ ಅನ್ವಯ ಬರೆಯಿಸಿ ನಾವು ಪರೀಕ್ಷಿಸುವುದನ್ನು ರಂಗವು ಒಂದು ಉಸಿರಿನಲ್ಲಿ ಪರೀಕ್ಷಿಸಿಬಿಡುತ್ತದೆ.

ಎರಡನೆಯ ಅಪಾಯ ಇದಕ್ಕಿಂತ ಸೂಕ್ಷ್ಮವಾದದ್ದು. ನಮ್ಮಲ್ಲಿ ಕಾವ್ಯವಾಚನದ ಹಿರಿಯ ಸಂಪ್ರದಾಯವಿರುವುದರಿಂದ ಪದ್ಯ ಕಂಡೊಡನೆ ಹಾಡುವ ಚಪಲ ಹುಟ್ಟುತ್ತದೆ. ಗಮಕಿಯ ಕೆಲಸ ಬೇರೆ, ನಟನ ಕೆಲಸ ಬೇರೆ. ಗಮಕಿಯು ಕವಿಯಾಗಿ ನಿಂತು ಎಲ್ಲ ಪಾತ್ರಗಳ ಮಾತನ್ನೂ ತನ್ನ ಒಂದೇ ರಾಗಧಾರೆಯಲ್ಲಿ ನಮಗೆ ಒಪ್ಪಿಸುತ್ತಾನೆ. ನಟನಾದರೋ ದುರ್ಯೋಧನನೊಬ್ಬನೇ, ಅವನಿಗೆ ಮುಂದಿನ ಪಾದದಲ್ಲಿ ತಾನೇನು ಹೇಳುವೆನೆಂಬುದು ಈ ಪಾದವನ್ನಾಡುವಾಗ ತಿಳಿದಿರಬಾರದು. ರನ್ನನಲ್ಲಿ ದುರ್ಯೋಧನನು ರಣರಂಗದಲ್ಲಿ ನಡೆಯುತ್ತ ಸತ್ತವರನ್ನು ಒಬ್ಬೊಬ್ಬರಾಗಿ ಕಾಣುವ ಭಾಗವನ್ನು ನೆನೆಯಬಹುದು. ದ್ರೋಣನ ಮುಂದೆ ಗುರುಭಕ್ತಿ, ತಮ್ಮನ ಮುಂದೆ ಸಂಕಟ, ಕರ್ಣನ ಮುಂದೆ ಮಾತೇ ಸೋಲುವ ದುಃಖ. ನಡುವೆ ಶತ್ರುವಿನ ಮಗನಾದ ಅಭಿಮನ್ಯುವನ್ನು ಕಂಡಾಗ ತಡೆಯಲಾಗದೆ ಹೊರಡುವ ಮೆಚ್ಚುಗೆ. ಇವೆಲ್ಲವನ್ನೂ ಒಂದೇ ಶೋಕರಾಗದಲ್ಲಿ ಎಳೆದರೆ ನಾಲ್ಕು ಹೆಣಗಳೂ ಒಂದೇ ಹೆಣವಾಗುತ್ತವೆ. ಹಾಡದೆ, ಆದರೆ ಛಂದಸ್ಸಿನ ಬಿಗಿಯನ್ನೂ ಕಳೆಯದೆ ಆಡುವ ಈ ನಡುದಾರಿಯನ್ನು ಕಂಡುಕೊಳ್ಳುವುದಕ್ಕೆ ನುರಿತ ನಟನಿಗೂ ವಾರಗಟ್ಟಲೆ ಹಿಡಿಯುತ್ತದೆ.

‘ಅಶ್ವತ್ಥಾಮನ್’ ನಾಟಕದಲ್ಲಿ ಇದರ ಜೊತೆಗೆ ರಚನೆಯ ಒಂದು ವಿಶೇಷವಿದೆ. ನಮ್ಮ ಉದ್ದೇಶಕ್ಕೆ ಅದು ಅಮೂಲ್ಯ. ಪುರಾಣದಲ್ಲಿ ಅಶ್ವತ್ಥಾಮನು ಚಿರಂಜೀವಿ. ಶ್ರೀಯವರ ನಾಟಕದಲ್ಲಿ ಅವನು ಆತ್ಮಹತ್ಯೆ ಮಾಡಿಕೊಳ್ಳುತ್ತಾನೆ. ಇದು ಔಚಿತ್ಯವೇ ಅನೌಚಿತ್ಯವೇ ಎಂದು ವಿದ್ವಾಂಸರಲ್ಲಿ ನಡೆದ ಚರ್ಚೆ ಎಲ್ಲರಿಗೂ ತಿಳಿದದ್ದೇ. ಅದನ್ನು ಇಲ್ಲಿ ಮತ್ತೆ ತೆಗೆಯಬೇಕಾಗಿಲ್ಲ. ನಟನ ದೃಷ್ಟಿಯಿಂದ ಮುಖ್ಯವಾದದ್ದು ಬೇರೊಂದು: ಮೂಲದಲ್ಲಿರುವಂತೆಯೇ ಇಲ್ಲಿಯೂ ನಾಯಕನು ನಾಟಕ ಮುಗಿಯುವುದಕ್ಕೆ ಬಹಳ ಮೊದಲೇ ಮಡಿಯುತ್ತಾನೆ. ಆಮೇಲೆ ಉಳಿಯುವುದು ಅವನ ಶವ, ಅದಕ್ಕೆ ಸಂಸ್ಕಾರ ಸಲ್ಲಬೇಕೇ ಬೇಡವೇ ಎಂಬ ವಾದ, ಅವನನ್ನು ಪ್ರೀತಿಸಿದವರ ಅಳಲು, ಮೇಳದ ಹಾಡು. ಗ್ರೀಕರಲ್ಲಿ ಇಂಥ ಸಾವು ಸಾಮಾನ್ಯವಾಗಿ ನೇಪಥ್ಯದಲ್ಲಿ ನಡೆದು ದೂತನ ಬಾಯಿಂದ ತಿಳಿಯುವುದು ವಾಡಿಕೆ. ಸೊಫೊಕ್ಲೀಸನು ಇಲ್ಲಿ ಆ ವಾಡಿಕೆಯನ್ನು ಮೀರಿದನೆಂದೇ ಹೆಚ್ಚಿನ ವಿದ್ವಾಂಸರು ತಿಳಿದಿದ್ದಾರೆ. ಕಾಲೇಜಿನ ಅತ್ಯುತ್ತಮ ನಟನನ್ನು ಅಶ್ವತ್ಥಾಮನನ್ನಾಗಿ ಮಾಡಿದರೂ ಅವನು ನಾಟಕವನ್ನು ಒಬ್ಬನೇ ಗೆಲ್ಲಿಸಲಾರ. ಅವನು ನಿಷ್ಕ್ರಮಿಸಿದ ಮೇಲೆ ಪ್ರೇಕ್ಷಕರನ್ನು ಹಿಡಿದು ನಿಲ್ಲಿಸಬೇಕಾದವರು ಇತರರು. ಎರಡನೆಯ ಸಾಲಿನ ನಟರೆಂದು ಎಣಿಸಲ್ಪಟ್ಟವರು ಮೊದಲ ಸಾಲಿಗೆ ಬರಲೇಬೇಕಾದ ನಾಟಕ ಇದು.

ಮೇಳದ ವಿಷಯವಾಗಿಯೂ ಒಂದು ಮಾತು. ಹದಿನೈದು ಜನ ಒಂದೇ ಪದ್ಯವನ್ನು ಒಟ್ಟಾಗಿ ಆಡುವಾಗ ವ್ಯಂಜನಗಳು ಒಂದೇ ಕ್ಷಣದಲ್ಲಿ ಬೀಳಬೇಕು. ಇಲ್ಲದಿದ್ದರೆ ಒತ್ತಕ್ಷರವೊಂದು ಹದಿನೈದು ಚೂರಾಗಿ ಕೇಳುತ್ತದೆ. ಒಬ್ಬರ ಉಸಿರನ್ನು ಒಬ್ಬರು ಕೇಳಿಸಿಕೊಳ್ಳದೆ ಇದು ಸಾಧ್ಯವಿಲ್ಲ. ಇತರ ನಾಟಕಗಳಲ್ಲಿ ಭಟ, ದ್ವಾರಪಾಲಕ, ಪುರಜನ ಎಂದು ನಿಲ್ಲಿಸಿ ಮೂರು ವರ್ಷ ಮರೆಯುವ ವಿದ್ಯಾರ್ಥಿಗಳಿಗೆ ಮೇಳವು ನಿಜವಾದ ಶಿಕ್ಷಣ. ಮೇಲಾಗಿ ಇಂದು ಕನ್ನಡ ವಿಭಾಗದ ಎಷ್ಟೋ ತರಗತಿಗಳಲ್ಲಿ ವಿದ್ಯಾರ್ಥಿನಿಯರೇ ಹೆಚ್ಚಾಗಿರುವಾಗ, ಒಂದೆರಡೇ ಸ್ತ್ರೀಪಾತ್ರಗಳುಳ್ಳ ನಾಟಕವನ್ನು ಆರಿಸಿ ಉಳಿದವರನ್ನು ಬಣ್ಣ ಹಚ್ಚುವ ಕೆಲಸಕ್ಕೆ ಕಳುಹಿಸುವುದು ನ್ಯಾಯವಲ್ಲ. ಮೇಳಕ್ಕೆ ಗಂಡು ಹೆಣ್ಣೆಂಬ ಕಟ್ಟಿಲ್ಲ.

ಹಳಗನ್ನಡವು ಪ್ರೇಕ್ಷಕರಿಗೆ ತಿಳಿಯದೆಂಬ ಆಕ್ಷೇಪಣೆ ಬಂದೇ ಬರುತ್ತದೆ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಕರಾವಳಿಯ ತಾಳಮದ್ದಳೆಯ ಕೂಟಗಳಲ್ಲಿ ಸಂಸ್ಕೃತಭೂಯಿಷ್ಠವಾದ ವಾದವನ್ನು ಇರುಳೆಲ್ಲ ಕೇಳುವ ಜನ ನಮ್ಮಲ್ಲಿ ಇದ್ದಾರೆ; ಕುಮಾರವ್ಯಾಸನನ್ನು ಓದಬಾರದವರೂ ಕೇಳಿ ಸವಿದ ಊರುಗಳು ನಮ್ಮವು. ಕೇಳುವವನಿಗೆ ಪ್ರತಿಪದಾರ್ಥ ಬೇಕಾಗಿಲ್ಲ. ಯಾರು ಯಾರನ್ನು ಕುರಿತು ಏಕೆ ಹೀಗೆ ಆಡುತ್ತಿದ್ದಾರೆಂಬುದು ತಿಳಿದರೆ ಸಾಕು, ಉಳಿದದ್ದನ್ನು ಸ್ವರವೇ ತಿಳಿಸುತ್ತದೆ. ನಟನಿಗೇ ಅರ್ಥವಾಗದಿದ್ದಲ್ಲಿ ಮಾತ್ರ ಪ್ರೇಕ್ಷಕನಿಗೂ ಅರ್ಥವಾಗುವುದಿಲ್ಲ.

ಹಳೆಯ ಮಾತೊಂದೇ ಕಠಿನವೆಂದು ಇದರಿಂದ ತಿಳಿಯಬಾರದು. ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ 1972ರಲ್ಲಿ ಬಂದದ್ದು. ಬಯಲಾಟದ ಧಾಟಿಯ ಈ ನಾಟಕದ ಮಾತು ಬೆಳಗಾವಿ ಸೀಮೆಯ ಹಳ್ಳಿಯ ಮಾತು. ಮೈಸೂರಿನ ವಿದ್ಯಾರ್ಥಿಯೊಬ್ಬನಿಗೆ ಅದು ರನ್ನನ ಕಂದದಷ್ಟೇ ದೂರದ್ದು. ಅವನು ಮೊದಲು ಮಾಡುವುದು ಆ ನುಡಿಯ ಅಣಕವನ್ನು. ಚಲನಚಿತ್ರದಲ್ಲಿ ಕೇಳಿದ ನಾಲ್ಕು ಪ್ರತ್ಯಯಗಳನ್ನು ಎಲ್ಲದಕ್ಕೂ ಅಂಟಿಸಿ ನಗೆಯನ್ನು ಗಿಟ್ಟಿಸಿಕೊಳ್ಳುತ್ತಾನೆ. ನಪುಂಸಕನಾದ ಗೌಡ, ಮಗುವಿಗಾಗಿ ಹಂಬಲಿಸುವ ಗೌಡತಿ, ಉಳುವವನಿಗೇ ನೆಲವೆಂದು ನಿಲ್ಲುವ ಬಸಣ್ಣ, ಇವರ ಬದುಕೆಲ್ಲ ಆ ನುಡಿಯ ಏರಿಳಿತದಲ್ಲಿಯೇ ಇದೆ. ಅಣಕ ನುಸುಳಿದರೆ ಆ ಮೂವರೂ ಗೊಂಬೆಗಳಾಗುವರು. ಆ ಸೀಮೆಯ ವಿದ್ಯಾರ್ಥಿಯೊಬ್ಬನು ತಂಡದಲ್ಲಿದ್ದರೆ, ಅವನು ಚಿಕ್ಕ ಪಾತ್ರದವನಾದರೂ, ಮಾತಿನ ಗುರುವಾಗಿ ಅವನನ್ನು ಕೂರಿಸುವುದು ಒಳ್ಳೆಯದು. ಧಾರವಾಡದ ಕಾಲೇಜಿನವರಿಗೆ ಇದೇ ನಾಟಕ ಮಾತಿನ ಮಟ್ಟಿಗೆ ಸುಲಭ. ಅವರಿಗೆ ಕೈಲಾಸಂ ಕಠಿನ. ಹೀಗೆ ಕಾಠಿನ್ಯವು ಪುಸ್ತಕದಲ್ಲಿ ಮಾತ್ರವಲ್ಲ, ಆಡುವವರು ಎಲ್ಲಿಂದ ಬಂದವರೆಂಬುದರಲ್ಲಿಯೂ ಇರುತ್ತದೆ. ಬೇರೊಂದು ಊರಿನಲ್ಲಿ ಗೆದ್ದ ನಾಟಕಗಳ ಪಟ್ಟಿಯನ್ನು ತರಿಸಿಕೊಂಡು ಆರಿಸುವುದರಿಂದ ಪ್ರಯೋಜನವಿಲ್ಲ.

ದೇಹವನ್ನೇ ಕಠಿನವಾಗಿ ದುಡಿಸುವ ನಾಟಕಗಳೂ ಉಂಟು. ಗಿರೀಶ ಕಾರ್ನಾಡರ ‘ಹಯವದನ’ದಲ್ಲಿ ದೇವದತ್ತ ಕಪಿಲರ ತಲೆಗಳು ಅದಲುಬದಲಾದ ಮೇಲೆ, ಇಬ್ಬರು ನಟರೂ ತಮ್ಮದಲ್ಲದ ಮೈಯೊಂದನ್ನು ತಮ್ಮ ಮೈಯಲ್ಲಿ ತೋರಬೇಕು, ಕಾಲ ಕಳೆದಂತೆ ಆ ಮೈ ತಲೆಗೆ ತಕ್ಕಂತೆ ತಿರುಗುವುದನ್ನೂ ತೋರಬೇಕು. ವಾಚಿಕದಲ್ಲಿ ಪಳಗಿದ ತಂಡಕ್ಕೆ ಇದು ಮುಂದಿನ ಮೆಟ್ಟಿಲು.

ಇನ್ನು ಕಾಲೇಜುಗಳಲ್ಲಿ ಬಹುಜನಪ್ರಿಯವಾದ ‘ತುಘಲಕ್’ ನಾಟಕ. 1964ರಲ್ಲಿ ಪ್ರಕಟವಾದ ಇದನ್ನು ಕಠಿನ ನಾಟಕಗಳಲ್ಲಿ ಮೊದಲನೆಯದೆಂದು ಹೇಳುವವರು ಬಹಳ. ಅದರ ಹಿರಿಮೆಯನ್ನು ಕುರಿತು ಸಂದೇಹವಿಲ್ಲ; ಸಂದೇಹವಿರುವುದು ಅದನ್ನು ಆರಿಸುವ ರೀತಿಯಲ್ಲಿ. ಸುಲ್ತಾನನ ಪಾತ್ರಕ್ಕೆ ತಕ್ಕ ಹುಡುಗನೊಬ್ಬನು ಸಿಕ್ಕಿದನೆಂಬ ಒಂದೇ ಕಾರಣದಿಂದ ನಾಟಕವು ಗೊತ್ತಾಗುತ್ತದೆ, ಮೂರು ತಿಂಗಳ ತಾಲೀಮೆಲ್ಲ ಅವನೊಬ್ಬನಿಗೇ ಸಲ್ಲುತ್ತದೆ. ಸಿ. ಆರ್. ಸಿಂಹ ಅವರು ಈ ಪಾತ್ರದಲ್ಲಿ ಪಡೆದ ಕೀರ್ತಿ ಈ ಮೋಹಕ್ಕೆ ಇನ್ನಷ್ಟು ಪುಷ್ಟಿ ಕೊಟ್ಟಿತು. ನಾಟಕವನ್ನು ಸರಿಯಾಗಿ ಓದಿದರೆ ಹದಿಮೂರು ದೃಶ್ಯಗಳಲ್ಲಿ ಬೇರೆ ಸಂಪತ್ತು ಕಾಣುತ್ತದೆ. ಮೊದಲ ದೃಶ್ಯವು 1327ರಲ್ಲಿ ದಿಲ್ಲಿಯ ನ್ಯಾಯಾಲಯದ ಮುಂದೆ ನೆರೆದ ಜನರದು. ಅವರ ನಡುವಣ ಮಾತುಗಳೇ ಇಡೀ ರಾಜ್ಯದ ನಾಡಿಯನ್ನು ತಿಳಿಸಬೇಕು. ಬ್ರಾಹ್ಮಣನ ವೇಷದಲ್ಲಿ ಬಂದು ಸುಲ್ತಾನನ ಮೇಲೆಯೇ ದಾವೆ ಗೆಲ್ಲುವ ಅಜೀಜನು ವೇಷದ ಮೇಲೆ ವೇಷ ಹಾಕುತ್ತ ಸುಲ್ತಾನನ ನೆರಳಿನಂತೆ ಬೆಳೆಯುತ್ತಾನೆ. ಈ ಪಾತ್ರದ ಕಷ್ಟ ನಾಯಕನದಕ್ಕಿಂತ ಕಡಮೆಯದಲ್ಲ, ಹಗುರವೆಂದು ಕಂಡೂ ಭಾರವಾಗಿರಬೇಕಾದ ಕಷ್ಟ ಅದು. ದೌಲತಾಬಾದಿನ ಕೋಟೆಯ ಮೇಲೆ ಇರುಳಿನಲ್ಲಿ ಸುಲ್ತಾನನು ಹತ್ತೊಂಬತ್ತು ವರ್ಷದ ಕಾವಲುಗಾರನೊಡನೆ ಆಡುವ ಮಾತುಗಳಿವೆ. ಹತ್ತೊಂಬತ್ತು ವರ್ಷದ ವಿದ್ಯಾರ್ಥಿಯೇ ಆ ಕಾವಲುಗಾರನಾಗಿ, ಮಾತಿಲ್ಲದೆ ಕೇಳುತ್ತ ನಿಲ್ಲುವ ಕಲೆಯನ್ನು ಅಲ್ಲಿ ಕಲಿಯಬಹುದು. ಚೆನ್ನಾಗಿ ಮಾತಾಡಬಲ್ಲವರು ಚೆನ್ನಾಗಿ ಕೇಳಬಲ್ಲವರಾಗಿರುವುದು ಕಾಲೇಜಿನ ರಂಗದಲ್ಲಿ ಅತಿ ವಿರಳ. ಹೀಗೆ ಕಷ್ಟವನ್ನು ಹಂಚಿಕೊಡುವ ಮನಸ್ಸಿದ್ದವರು ‘ತುಘಲಕ್’ ಆಡಬಹುದು. ಹುಡುಗನೊಬ್ಬನಿಗಾಗಿ ಆರಿಸುವುದಾದರೆ ಬೇರೆ ನಾಟಕವನ್ನು ನೋಡುವುದು ಲೇಸು.

ಇಪ್ಪತ್ತು ವರ್ಷದವರು ಆಡಲೇಬಾರದ ನಾಟಕಗಳು ಇವೆಯೇ? ಲಿಯರ್ ಮಹಾರಾಜನಂಥ ಪಾತ್ರವನ್ನು ಕೊಡದಿರುವುದೇ ವಿವೇಕ. ಅಲ್ಲಿ ಮುಪ್ಪು ನರೆಗೂದಲಿನಲ್ಲಿಲ್ಲ, ಮಾತಿನ ಬಗೆಯಲ್ಲಿದೆ. ಕಿರಿಯನು ಅದನ್ನು ನಡುಗುವ ಕೈಯಿಂದ ತೋರಿಸಹೊರಡುತ್ತಾನೆ. ಆದರೆ ವಯಸ್ಸಿನ ನೆಪವನ್ನು ಹೆಚ್ಚಾಗಿ ಮುಂದುಮಾಡಬಾರದು. ಕಾರ್ನಾಡರು 1938ರಲ್ಲಿ ಹುಟ್ಟಿದವರು. ಸುಲ್ತಾನನ ಆ ದಣಿವನ್ನು ಕಲ್ಪಿಸಿದಾಗ ಅವರಿಗೆ ಇನ್ನೂ ಇಪ್ಪತ್ತೇಳು ತುಂಬಿರಲಿಲ್ಲ. ‘ಪಾರಸಿಕರು’ ನಾಟಕದ ಮೇಳವು ಮುದುಕರದೇ ಆದರೂ ಅಲ್ಲಿ ಮುಪ್ಪನ್ನು ಅನುಕರಿಸಬೇಕಾಗಿಲ್ಲ. ಸೋತ ನಾಡಿನ ಭಯವೇ ಸಾಕು. ಅದರಲ್ಲಿ ಸಲಾಮಿಸ್ ಕಾಳಗವನ್ನು ವರ್ಣಿಸುವ ದೂತನ ಮಾತು ನುರಿತ ನಟನಿಗೆ ಕೊಡಬಹುದಾದ ಅತ್ಯುತ್ತಮ ಅಭ್ಯಾಸ. ವೇಷವಿಲ್ಲ, ಎದುರಾಳಿಯಿಲ್ಲ, ಕೈಯಲ್ಲಿ ಆಯುಧವಿಲ್ಲ. ಒಂದು ನೌಕಾಪಡೆ ಮುಳುಗುವುದನ್ನು ಬರಿಯ ಮಾತಿನಲ್ಲಿ ಕಾಣಿಸಬೇಕು.

ಇಂಥ ನಾಟಕಗಳಿಗೆ ತಾಲೀಮಿನ ಕ್ರಮವೂ ಬೇರೆ. ಸಾಮಾನ್ಯವಾಗಿ ಎರಡನೆಯ ದಿನವೇ ವಿದ್ಯಾರ್ಥಿಗಳನ್ನು ಎಬ್ಬಿಸಿ ರಂಗದ ಮೇಲೆ ನಡೆಯಿಸುವರು. ಪದ್ಯನಾಟಕಕ್ಕೆ ಇದು ಮಾರಕ. ಮೊದಲ ಮೂರು ವಾರ ಎಲ್ಲರೂ ಸುತ್ತಲೂ ಕುಳಿತು ಓದಬೇಕು. ಒಬ್ಬೊಬ್ಬನೂ ತನ್ನ ಪಾತ್ರದ ಪದ್ಯಗಳನ್ನು ತನ್ನ ಮನೆಯ ಮಾತಿನಲ್ಲಿ ಹೇಳಿ ತೋರಿಸಬೇಕು. ಮಂಡ್ಯದವನು ಮಂಡ್ಯದ ಮಾತಿನಲ್ಲಿ, ಉಡುಪಿಯವಳು ಉಡುಪಿಯ ಮಾತಿನಲ್ಲಿ. ಅನಂತರ ಅದೇ ಭಾವವನ್ನು ಹಿಡಿದು ಮೂಲಕ್ಕೆ ಬರಬೇಕು. ಉಸಿರಿನ ಸ್ಥಾನಗಳನ್ನು ಸೀಸದ ಕಡ್ಡಿಯಿಂದ ಗುರುತಿಸಿಕೊಂಡು, ಮರುದಿನ ಅವನ್ನು ಅಳಿಸಿ ಮತ್ತೆ ಗುರುತಿಸಬೇಕು. ಪಾತ್ರಗಳ ಹಂಚಿಕೆಯನ್ನು ಈ ಓದು ಮುಗಿಯುವವರೆಗೆ ಪ್ರಕಟಿಸದಿದ್ದರೆ ಇನ್ನೂ ಒಳ್ಳೆಯದು. ಎಲ್ಲರೂ ಎಲ್ಲ ಪದ್ಯಗಳನ್ನೂ ತಮ್ಮದೆಂದು ಓದುತ್ತಾರೆ.

ಕಡೆಯದಾಗಿ ಸ್ಪರ್ಧೆಗಳ ಮಾತು. ಅಂತರಕಾಲೇಜು ಸ್ಪರ್ಧೆಗಳಲ್ಲಿ ನಾಟಕಕ್ಕೆ ಗೊತ್ತುಮಾಡುವ ಅವಧಿ ಬಹುಮಟ್ಟಿಗೆ ಒಂದು ಗಂಟೆಯ ಒಳಗಿನದು. ಆ ಅವಧಿಗೆ ಇಳಿಸುವಾಗ ‘ಅಶ್ವತ್ಥಾಮನ್’ ನಾಟಕವನ್ನು ನಾಯಕನ ಮರಣಕ್ಕೆ ನಿಲ್ಲಿಸಿ ತೆರೆ ಎಳೆಯುವ ಆಸೆ ಹುಟ್ಟುವುದು ಸಹಜ. ಆಗ ಉಳಿಯುವುದು ಒಬ್ಬ ನಟನ ಪ್ರದರ್ಶನವೇ ಹೊರತು ನಾಟಕವಲ್ಲ. ಕತ್ತರಿಸಲೇಬೇಕಾದರೆ ಮೊದಲ ಭಾಗದ ಮಾತುಗಳನ್ನು ಬಿಗಿಮಾಡಿ, ಶವದ ಮುಂದಿನ ವಾದವನ್ನು ಪೂರ್ತಿಯಾಗಿ ಉಳಿಸಿಕೊಳ್ಳಬೇಕು. ಅದಕ್ಕೂ ಎಡೆಯಿಲ್ಲದಿದ್ದರೆ ಆ ವರ್ಷ ‘ಗದಾಯುದ್ಧ ನಾಟಕ’ದಿಂದ ರಣರಂಗದ ಭಾಗವೊಂದನ್ನೇ ಆರಿಸಿಕೊಂಡು ಆಡಿ, ‘ಅಶ್ವತ್ಥಾಮನ್’ ನಾಟಕವನ್ನು ಕಾಲೇಜಿನ ಸ್ವಂತ ರಂಗಕ್ಕೆ, ಗಡಿಯಾರ ಹಿಡಿದು ಕುಳಿತವರಿಲ್ಲದ ಸಂಜೆಯೊಂದಕ್ಕೆ, ಮೀಸಲಾಗಿಡಬಹುದು.